ಮೂಗು ಹಳದಿ, ಕಣ್ಣು ಬಿಳಿ

ಹೋದ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಾನು ಒಂಬತ್ತು ತಿಂಗಳ ಮಗುವೊಂದರ ಎಡಗೈಯನ್ನು ಬಿಗಿಯಾಗಿ ಹಿಡಿದುಕೊಂಡು ಕೂತಿದ್ದೆ. ಎದುರಿಗೆ ಕೆಂಡ. ಕೆಂಡದೊಳಗೆ ಒಂದು ಕಬ್ಬಿಣದ ಕಡ್ಡಿ. ಕಡ್ಡಿಯ ತುದಿ ಕೆಂಪಗಾಗುವುದನ್ನು ನಾವೆಲ್ಲ ಕಾಯುತ್ತಿದ್ದೆವು.

ಮೊದಲೇ ಹೇಳಿಬಿಡುತ್ತೇನೆ, ಮಗುವಿಗೆ ಏನೂ ಆಗಲಿಲ್ಲ. (ಅದನ್ನು ಕೊನೆಯವರೆಗೂ ಮುಚ್ಚಿಟ್ಟು ನಿಮ್ಮ ಕಾಫಿ ಆರಿಸುವ ಉದ್ದೇಶ ನನಗಿಲ್ಲ.) ಆದರೆ ನನಗೆ ಏನೋ ಆಗಿದೆ. ಒಲೆ ಹಚ್ಚಿದಾಗ, ಇಸ್ತ್ರಿಪೆಟ್ಟಿಗೆ ಕಂಡಾಗ, ಬಸ್ಸಿನಲ್ಲಿ ಯಾರದೋ ಕೂಸು ಕೈ ಚಾಚಿದಾಗ ಆ ಕಡ್ಡಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ.

ನಾನು ಬಾಟನಿ ಓದಿದವಳು. ಯಲಹಂಕದ ಹೈಸ್ಕೂಲೊಂದರಲ್ಲಿ ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಎಲೆ ಏಕೆ ಹಸಿರು, ಕ್ಯಾರೆಟ್ ಏಕೆ ಕೇಸರಿ ಎಂದು ಬೋರ್ಡಿನ ಮೇಲೆ ಬರೆಯುವುದೇ ನನ್ನ ಕೆಲಸ. ಅಂಥ ನಾನು ಅಲ್ಲಿ ಏನು ಮಾಡುತ್ತಿದ್ದೆ?

ಕಥೆ ಎರಡು ತಿಂಗಳ ಹಿಂದೆ ಶುರುವಾಗುತ್ತದೆ.

ಶಾಂತಾ ನಮ್ಮ ಪಕ್ಕದ ಮನೆಯವಳು. ಒಂದೇ ಕಾಂಪೌಂಡಿನಲ್ಲಿ ಎರಡು ಬಾಡಿಗೆ ಮನೆ, ನಡುವೆ ನಾನು ನೆಟ್ಟ ಪಪ್ಪಾಯಿ ಗಿಡ. ಅವರು ಧಾರವಾಡದ ಕಡೆಯವರು. ಗಂಡ ಬಸವರಾಜ ಫ್ಯಾಕ್ಟರಿಯಲ್ಲಿ ಫಿಟ್ಟರ್. ಸೋಡಾ ಬಾಟಲಿಯ ತಳದಷ್ಟು ದಪ್ಪ ಕನ್ನಡಕ ಹಾಕುತ್ತಾನೆ. ಕ್ರೇನ್ ನಡೆಸುವ ಕೆಲಸಕ್ಕೆ ಅರ್ಜಿ ಹಾಕಿದಾಗ ಕಣ್ಣಿನ ಪರೀಕ್ಷೆಯಲ್ಲೇ ಅವನನ್ನು ವಾಪಸು ಕಳಿಸಿದರು. ಆವತ್ತಿನಿಂದ ಶಾಂತಾಳಿಗೆ ಒಂದೇ ಚಿಂತೆ. ಮಗಳು ಗೌರಿಯ ಕಣ್ಣು ಹೇಗಿರುತ್ತದೋ?

"ಅಕ್ಕಾರ, ನೀವು ಓದಿದವರು. ಕಣ್ಣಿಗೆ ಏನ್ ತಿನಿಸಿದ್ರ ಚಲೋರಿ?" ಅಂತ ಕೇಳಿದಳು.

"ಕ್ಯಾರೆಟ್ ಕೊಡು" ಅಂದೆ.

"ಗಜ್ಜರಿ ಏನ್ರಿ? ಎಷ್ಟು ಕೊಡ್ಲಿ?" (ಅವರ ಕಡೆ ಕ್ಯಾರೆಟ್ಟಿಗೆ ಗಜ್ಜರಿ ಅನ್ನುತ್ತಾರೆ.)

"ತರಕಾರಿ ತಾನೇ, ಎಷ್ಟು ಕೊಟ್ಟರೂ ಒಳ್ಳೇದೇ."

ಈ ಕೊನೆಯ ಸಾಲನ್ನು ನಾನು ವಾಪಸು ತೆಗೆದುಕೊಳ್ಳುವ ಹಾಗಿದ್ದಿದ್ದರೆ. ಹೇಳುವಾಗ ಬಟ್ಟೆ ಒಣಹಾಕುತ್ತಿದ್ದೆ. ಒಂದು ಕ್ಲಿಪ್ ಬಾಯಲ್ಲಿತ್ತು. ನಾವು ಬೇರೆಯವರಿಗೆ ಕೊಡುವ ಸಲಹೆಗಳಲ್ಲಿ ಎಷ್ಟು ಇಂಥವೋ?

ಶಾಂತಾ ಮಾತ್ರ ಮಾತನ್ನು ಅರ್ಧಕ್ಕೆ ಬಿಡುವವಳಲ್ಲ. ಬೆಳಿಗ್ಗೆ ಬೇಯಿಸಿ ಮಸೆದ ಕ್ಯಾರೆಟ್. ಮಧ್ಯಾಹ್ನ ಬೇಳೆಯ ಜೊತೆ ಸಿಹಿಗುಂಬಳ. ಸಂಜೆ ನಮ್ಮ ಗಿಡದ್ದೇ ಪಪ್ಪಾಯಿ. ಅದನ್ನು ಕೊಯ್ದು ಕೊಡುತ್ತಿದ್ದವಳು ನಾನು. ಮಗು ಅಕ್ಕರೆಯಿಂದ ತಿಂದಿತು. ಮೈ ಕೈ ತುಂಬಿಕೊಂಡಿತು. ನನಗೂ ಹೆಮ್ಮೆಯಾಯಿತು. ಸ್ಟಾಫ್ ರೂಮಿನಲ್ಲಿ "ನಮ್ಮ ಪಕ್ಕದ ಮನೆ ಮಗು ನೋಡ್ರೀ, ಏನು ಬೆಳೆದಿದೆ" ಅಂತ ಹೇಳಿಕೊಂಡೆ.

ಹೋದ ಶನಿವಾರ ಸ್ಕೂಲಿನಿಂದ ಬರುವಾಗ ಶಾಂತಾ ಗೇಟಿನಲ್ಲೇ ನಿಂತಿದ್ದಳು. ಕಂಕುಳಲ್ಲಿ ಗೌರಿ.

"ನೋಡ್ರಿ ಅಕ್ಕಾರ, ಕೂಸಿನ ಮೂಗು ಹಳದಿ ಆಗೇದ."

ನೋಡಿದೆ. ಮೂಗಿನ ತುದಿ ಅರಿಶಿನ ಸವರಿದ ಹಾಗಿತ್ತು. ಅಂಗೈ ತೆರೆದು ನೋಡಿದೆ, ಹಳದಿ. ಅಂಗಾಲೂ ಹಳದಿ. ದಿನಾ ನೋಡುವ ಮಗು. ನಿಧಾನವಾಗಿ ಬಣ್ಣ ತಿರುಗಿದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಈ ಬೇಸಗೆಯಲ್ಲಿ ನಮ್ಮ ಬೀದಿಯಲ್ಲೇ ಇಬ್ಬರಿಗೆ ಕಾಮಾಲೆಯಾಗಿದೆ. ಹಿಂದಿನ ಮನೆಯ ಹುಡುಗ ಹಾಸಿಗೆ ಹಿಡಿದು ಈಗಷ್ಟೇ ಎದ್ದಿದ್ದಾನೆ. ದೊಡ್ಡವರಿಗೇ ಹಾಗಾದರೆ ಒಂಬತ್ತು ತಿಂಗಳ ಕೂಸಿನ ಗತಿಯೇನು?

ಅಷ್ಟರಲ್ಲಿ ಓನರ್ ಸರೋಜಮ್ಮ ಬಂದರು. ಒಂದು ಸಲ ನೋಡಿದರು. ತೀರ್ಪು ಕೊಟ್ಟರು.

"ಕಾಮಾಲೆ ಕಣ್ರೀ. ಇಂಗ್ಲಿಷ್ ಔಷಧಿ ಇದಕ್ಕಿಲ್ಲ. ಡಾಕ್ಟರೇ ಹಾಗಂತಾರೆ. ಅಮೃತಹಳ್ಳಿ ಹತ್ರ ಮುನಿಯಪ್ಪ ಅಂತಿದಾನೆ, ಬರೆ ಹಾಕ್ತಾನೆ. ಹಿಂದಿನ ಮನೆ ಹುಡುಗನಿಗೂ ಅವನೇ ಹಾಕಿದ್ದು. ಎದ್ದು ಓಡಾಡ್ತಿಲ್ವಾ?"

ಸಂಜೆ ಶಾಂತಾ ತನ್ನ ಊರಿನ ಕ್ರಮದಲ್ಲಿ ಒಂದು ಪರೀಕ್ಷೆ ಮಾಡಿದಳು. ಮಗುವಿನ ಮೂತ್ರ ಹಿಡಿದು ಅದರಲ್ಲಿ ನಾಲ್ಕು ಅನ್ನದ ಅಗುಳು ಹಾಕಿಟ್ಟಳು. ಕಾಮಾಲೆಯಾಗಿದ್ದರೆ ಅಗುಳು ಹಳದಿಯಾಗಬೇಕು. ಒಂದು ಗಂಟೆ ಬಿಟ್ಟು ಬಟ್ಟಲು ಹಿಡಿದುಕೊಂಡು ನಮ್ಮ ಅಡುಗೆಮನೆಗೇ ಬಂದಳು.

"ಅಕ್ಕಾರ, ಅನ್ನ ಬೆಳ್ಳಗ ಅದ ನೋಡ್ರಿ."

ನಾನು ಏನಂದೆ ಗೊತ್ತೇ? "ಇದೆಲ್ಲ ಮೂಢನಂಬಿಕೆ ಶಾಂತಾ. ಮಗು ಕಣ್ಣೆದುರಿಗೇ ಹಳದಿಯಾಗಿದೆ. ಈ ಅನ್ನ ನೋಡಿಕೊಂಡು ಸುಮ್ಮನಿರ್ತೀಯಾ?"

ಅವಳು ಸುಮ್ಮನಿರಲಿಲ್ಲ. ಡಾಕ್ಟರ ಕ್ಲಿನಿಕ್ಕಿಗೆ ಓಡಿದಳು. ಅಲ್ಲಿ ಬಾಗಿಲು ಹಾಕಿತ್ತು, ಸೋಮವಾರ ಬನ್ನಿ ಅಂತ ಬೋರ್ಡು. ದೊಡ್ಡಾಸ್ಪತ್ರೆಗೆ ಹೋಗೋಣ ಅಂತ ನಾನು ಒಂದು ಮಾತು ಅಂದೆ. ಒಂದೇ ಮಾತು. ಸರೋಜಮ್ಮ ಹತ್ತು ಮಾತು ಅಂದರು. ಮುನಿಯಪ್ಪ ದುಡ್ಡು ಮುಟ್ಟುವುದಿಲ್ಲವಂತೆ, ತೆಂಗಿನಕಾಯಿ, ವೀಳ್ಯದೆಲೆ ಅಷ್ಟೇ. ದುಡ್ಡು ಮುಟ್ಟದವನು ಸುಳ್ಳು ಏಕೆ ಹೇಳುತ್ತಾನೆ ಅನ್ನುವುದು ಅವರ ವಾದ. ಆಗ ನನಗೂ ಅದು ಸರಿ ಅನ್ನಿಸಿತು. (ದುಡ್ಡು ಮುಟ್ಟದವನೂ ತಪ್ಪು ತಿಳಿದಿರಬಹುದು ಅನ್ನುವುದು ಸೋಮವಾರ ಹೊಳೆಯಿತು.)

ಭಾನುವಾರ ಬಸವರಾಜನಿಗೆ ಓವರ್‌ಟೈಮ್. ಶಾಂತಾಳ ಜೊತೆಗೆ ನಾನು ಹೊರಟೆ. ಭಾನುವಾರದ ಧಾರಾವಾಹಿಯ ಹೊತ್ತು, ಟೀವಿ ಇದ್ದ ಮನೆಗಳ ಮುಂದೆ ಚಪ್ಪಲಿಗಳ ರಾಶಿ. ಬಸ್ಸು ಖಾಲಿ. ಬಳ್ಳಾರಿ ರಸ್ತೆಯಲ್ಲಿ ಇಳಿದು ದ್ರಾಕ್ಷಿ ತೋಟಗಳ ನಡುವಿನ ಮಣ್ಣಿನ ದಾರಿಯಲ್ಲಿ ನಡೆದೆವು. ಅರ್ಧ ದಾರಿಯಲ್ಲಿ ಶಾಂತಾ, "ಬಾಳ ಸುಡತದೇನ್ರಿ?" ಅಂದಳು.

"ಇಲ್ಲ, ಒಂದು ಕ್ಷಣ" ಅಂದೆ. ನನಗೆ ಹೇಗೆ ಗೊತ್ತು?

ಮುನಿಯಪ್ಪ ನಾನು ಊಹಿಸಿದ ಹಾಗಿರಲಿಲ್ಲ. ಜಡೆ ಇಲ್ಲ, ರುದ್ರಾಕ್ಷಿ ಇಲ್ಲ. ಬಿಳಿ ಬನಿಯನ್ನು, ಚೌಕುಳಿ ಲುಂಗಿ. ತೋಟದ ಅಂಚಿನಲ್ಲಿ ಹೆಂಚಿನ ಮನೆ. ಮುಂದಿನ ಚಪ್ಪರದ ಕೆಳಗೆ ಏಳೆಂಟು ಜನ ಕಾದು ಕೂತಿದ್ದರು. ಮೂಲೆಯಲ್ಲಿ ಅವನ ಹೆಂಡತಿ ಲಕ್ಷ್ಮಮ್ಮ ಸಂತೆಗೆ ಒಯ್ಯಲು ಕ್ಯಾರೆಟ್, ಬೀಟ್ರೂಟ್ ತೊಳೆದು ಕಂತೆ ಕಟ್ಟುತ್ತಿದ್ದಳು.

ಹೌದು, ಕ್ಯಾರೆಟ್. ಒಂದು ಮಂಕರಿ ತುಂಬ. ನಾನು ಅದನ್ನೂ ನೋಡಿದೆ, ಮಗುವನ್ನೂ ನೋಡಿದೆ. ಎರಡರ ಬಣ್ಣವನ್ನು ಹೋಲಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ನಮ್ಮ ಸರದಿ ಬಂತು. ಮುನಿಯಪ್ಪ ಅಂಗೈ ನೋಡಿದ, ಅಂಗಾಲು ನೋಡಿದ.

"ಜಾಸ್ತಿನೇ ಏರೈತೆ ತಾಯಿ. ಒಂದ್ ಬರೆ ಸಾಕು, ಕೂಸಲ್ವಾ. ನಂಗೂ ಸಣ್ಣವ್ನಿದ್ದಾಗ ಆಕವ್ರೆ" ಅಂತ ತನ್ನ ಮುಂಗೈ ತೋರಿಸಿದ. ಬೆರಳಿನಷ್ಟು ಉದ್ದದ ಮೂರು ಕಲೆ. ಚರ್ಮ ಅಲ್ಲಿ ಸುಕ್ಕುಗಟ್ಟಿ ಹೊಳೆಯುತ್ತಿತ್ತು.

ಆಮೇಲೆ ಇದ್ದಿಲಿನಿಂದ ಗೌರಿಯ ಮುಂಗೈ ಮೇಲೆ ಒಂದು ಗೆರೆ ಎಳೆದ. ಬರೆ ಬೀಳಬೇಕಾದ ಜಾಗ. ಗೌರಿ ನಕ್ಕಳು. ಅವಳಿಗೆ ಕಚಗುಳಿಯಾಗಿರಬೇಕು.

"ತಾಯಿ ಮಕ ತಿರುಗಿಸ್ಕಳಿ. ಇವ್ರು ಯಾರು, ಅಕ್ಕನಾ? ನೀವು ಕೈ ಇಡ್ಕಳಿ. ಗಟ್ಟಿಯಾಗಿ. ಕೊಸರಾಡುದ್ರೆ ಬ್ಯಾರೆ ಕಡೆ ಬಿದ್ಬುಡ್ತದೆ."

ಗೌರಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಕೈ ಹಿಡಿದುಕೊಂಡೆ.

ಅವನು ಕಡ್ಡಿ ಎತ್ತಿದ. ಅದರ ಬಿಸಿ ನನ್ನ ಗೆಣ್ಣುಗಳಿಗೆ ತಾಗಿತು. ಒಂದು ಗೇಣು ದೂರವಿತ್ತೋ, ಇನ್ನೂ ಕಡಿಮೆಯೋ? ಗೌರಿ ಆಗ ಹೆದರಿದಳು. ಕಿಟಾರನೆ ಕಿರುಚಿ ಇಡೀ ಮೈ ಬಿಗಿದಳು. ಮರುಕ್ಷಣ ನನ್ನ ಮಡಿಲು ಬೆಚ್ಚಗಾಯಿತು, ಕಕ್ಕ ಮಾಡಿಬಿಟ್ಟಿದ್ದಳು. ಲಂಗೋಟಿ ದಾಟಿ, ನನ್ನ ಸೀರೆ ದಾಟಿ, ಮುನಿಯಪ್ಪನ ಲುಂಗಿಯ ಮೇಲೂ ಹರಿಯಿತು.

"ಥೂ, ತೊಳ್ಕಂಡ್ ಬನ್ನಿ" ಅಂತ ಅವನು ಕಡ್ಡಿಯನ್ನು ಮತ್ತೆ ಕೆಂಡಕ್ಕೆ ಸಿಕ್ಕಿಸಿದ. ಕಾದು ಕೂತವರು ನಕ್ಕರು. "ಮುನಿಯಪ್ಪಂಗೇ ಬರೆ ಆಕ್ಬುಡ್ತು ಕೂಸು" ಅಂದ ಒಬ್ಬ ಮುದುಕ.

ಲಕ್ಷ್ಮಮ್ಮ ಎದ್ದು ಬಂದು ಮಗುವನ್ನು ಎತ್ತಿಕೊಂಡಳು. ಬಿಸಿಲಲ್ಲಿದ್ದ ನೀರಿನ ಡ್ರಮ್ಮಿನ ಹತ್ತಿರ ಕೂತು, ಚೊಂಬಿನಿಂದ ನೀರು ಹಾಕಿ ತೊಳೆಯತೊಡಗಿದಳು. ತೊಳೆಯುತ್ತ ತೊಳೆಯುತ್ತ ಕೈ ನಿಲ್ಲಿಸಿದಳು.

"ಏನಮ್ಮೋ, ಈ ಕೂಸ್ಗೆ ಏನ್ ತಿನ್ನುಸ್ತಿದೀಯ ನೀನು?"

"ಗಜ್ಜರಿರಿ" ಅಂದಳು ಶಾಂತಾ. ಲಕ್ಷ್ಮಮ್ಮನಿಗೆ ಅರ್ಥವಾಗಲಿಲ್ಲ. ಶಾಂತಾ ಮಂಕರಿಯ ಕಡೆ ಕೈ ತೋರಿಸಿದಳು.

"ಅದೇ ಅಂದ್ಕಂಡೆ. ನೋಡಿಲ್ಲಿ, ತಿಂದಿದ್ದು ಅಂಗಂಗೇ ಬಂದೈತೆ ಬಣ್ಣ. ಕಾಮಾಲೆ ಕೂಸು ಇಂಗೆ ಓಗಾಕಿಲ್ಲ, ಬೂದಿ ಬಣ್ಣ ಓಯ್ತದೆ. ಎಷ್ಟ್ ಕೂಸು ತೊಳ್ದಿಲ್ಲ ನಾನಿಲ್ಲಿ." ಮಗುವಿನ ಗಲ್ಲ ಹಿಡಿದು ಬಿಸಿಲಿಗೆ ಮುಖ ತಿರುಗಿಸಿದಳು. ಹೆಬ್ಬೆರಳಿನಿಂದ ಕಣ್ಣಿನ ಕೆಳರೆಪ್ಪೆ ಎಳೆದಳು. ಗಂಡನನ್ನು ಕೂಗಿದಳು, "ಯೋ, ಬಾ ಇಲ್ಲಿ. ಕಣ್ ನೋಡಿದ್ಯಾ ನೀನು? ಆಲ್ನಂಗವೆ."

ಕಣ್ಣು ಹಾಲಿನಂತೆ ಬಿಳಿಯಾಗಿತ್ತು.

ಆಗ, ಆಗ ಮಾತ್ರ, ನನಗೆ ಕಾಲೇಜಿನ ಲ್ಯಾಬ್ ನೆನಪಾಯಿತು. ಸೊಪ್ಪನ್ನು ಅರೆದು ಸ್ಪಿರಿಟ್‌ನಲ್ಲಿ ಕಲಸಿ, ಅದರಲ್ಲಿ ಒಂದು ಸೀಮೆಸುಣ್ಣದ ಕಡ್ಡಿ ನಿಲ್ಲಿಸಿದರೆ ಬಣ್ಣಗಳು ಬೇರೆ ಬೇರೆಯಾಗಿ ಮೇಲೇರುತ್ತವೆ. ಹಸಿರು ಪಟ್ಟೆಯ ಮೇಲೆ ಒಂದು ಹಳದಿ ಪಟ್ಟೆ. ಆ ಹಳದಿಯ ಹೆಸರು ಕೆರೋಟಿನ್. ಎಲೆಯಲ್ಲಿ ಹಸಿರಿನ ಹಿಂದೆ ಅಡಗಿರುತ್ತದೆ. ಕ್ಯಾರೆಟ್ಟಿನಲ್ಲಿ, ಸಿಹಿಗುಂಬಳದಲ್ಲಿ, ಪಪ್ಪಾಯಿಯಲ್ಲಿ ಎದ್ದು ಕಾಣುತ್ತದೆ. ಮೈ ಅದರಿಂದಲೇ ಎ ವಿಟಮಿನ್ ಮಾಡಿಕೊಳ್ಳುತ್ತದೆ. ಬೇಕಾದಷ್ಟು ಮಾಡಿಕೊಂಡ ಮೇಲೆ ಉಳಿದ ಬಣ್ಣ ಎಲ್ಲಿಗೆ ಹೋಗಬೇಕು? ಚರ್ಮದಲ್ಲಿ ಕೂರುತ್ತದೆ. ಚರ್ಮ ದಪ್ಪಗಿರುವ ಅಂಗೈ, ಅಂಗಾಲಿನಲ್ಲಿ, ಮತ್ತೆ ಮೂಗಿನ ತುದಿಯಲ್ಲಿ ಮೊದಲು. ಕಣ್ಣಿನ ಬಿಳಿ ಭಾಗಕ್ಕೆ ಈ ಬಣ್ಣ ಹಿಡಿಯುವುದಿಲ್ಲ. ಕಾಮಾಲೆ ಮೊದಲು ಹಿಡಿಯುವುದೇ ಕಣ್ಣನ್ನು.

ಇದೆಲ್ಲ ನಾನು ಓದಿದ್ದೇ. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತೆಗೆದುಕೊಂಡಿದ್ದೇ. ಆದರೆ ಶನಿವಾರದಿಂದ ಭಾನುವಾರದವರೆಗೆ ಆ ಮಗುವಿನ ಕಣ್ಣನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಅಪಾಯ ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಇಲ್ಲ. ನಿಜವಾದ ಅಪಾಯ ಆಮೇಲಿನದು.

ಮುನಿಯಪ್ಪ ಬಗ್ಗಿ ಕಣ್ಣು ನೋಡಿದ. ತಲೆ ಕೆರೆದುಕೊಂಡ. "ಕಣ್ಣೇನೋ ಬೆಳ್ಗವೆ. ಓಗ್ಲಿ ಬುಡು, ಅಷ್ಟ್ ದೂರದಿಂದ ಬಂದವ್ರೆ. ಒಂದ್ ಬರೆ ಬಿದ್ರೆ ನಷ್ಟವೇನಿಲ್ಲ, ಮುಂದ್ಕೆ ಬರದಂಗಾದ್ರೂ ಆಯ್ತದೆ."

ಅದಕ್ಕೆ ಶಾಂತಾ ತಲೆಯಾಡಿಸಿದಳು. "ಹೌದ್ರಿ ಅಕ್ಕಾರ, ಬಂದೀವಿ. ಹಾಕಿಸ್ಕೊಂಡ ಹೋಗೂಣು. ನಾಳೆ ಏನರ ಆದ್ರ, ಅವತ್ತ ಹಾಕಸಬೇಕಿತ್ತು ಅನಸತದ."

ಯೋಚಿಸಿ ನೋಡಿ. ರೋಗವಿಲ್ಲ ಅಂತ ಎಲ್ಲರಿಗೂ ಗೊತ್ತಾಗಿದೆ. ಆದರೂ ಬಂದಿದ್ದೇವಲ್ಲ ಅನ್ನುವ ಒಂದೇ ಕಾರಣಕ್ಕೆ ಮಗುವಿನ ಕೈ ಸುಡಬೇಕು. ನಾವು ಎಷ್ಟು ಕೆಲಸಗಳನ್ನು ಹೀಗೆ ಮಾಡುವುದಿಲ್ಲ? ಕ್ಯೂನಲ್ಲಿ ನಿಂತದ್ದಾಯಿತು, ತೆಂಗಿನಕಾಯಿ ಕೊಟ್ಟದ್ದಾಯಿತು, ಇನ್ನು ಬರಿಗೈಲಿ ಹೋಗುವುದು ಹೇಗೆ?

"ಬೇಡ" ಅಂದೆ.

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಇದು ಕ್ಯಾರೆಟ್ ಬಣ್ಣ. ನಾನೇ ತಿನ್ನಿಸು ಅಂದಿದ್ದು. ಪಪ್ಪಾಯಿನೂ ನಾನೇ ಕೊಟ್ಟಿದ್ದು. ತಿನ್ನೋದು ನಿಲ್ಲಿಸಿದ್ರೆ ತಾನೇ ಹೋಗುತ್ತೆ. ಶಾಂತಾ, ಮಗುನ ಎತ್ಕೋ, ಹೋಗೋಣ."

ಶಾಂತಾ ನನ್ನನ್ನೇ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒದ್ದೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದು ನಿಂತಳು.  

ಮುನಿಯಪ್ಪನಿಗೆ ಕೋಪ ಬರುತ್ತದೆ ಅಂದುಕೊಂಡಿದ್ದೆ. ಅವನು ತೆಂಗಿನಕಾಯಿಯನ್ನು ವಾಪಸು ಚೀಲಕ್ಕೆ ಹಾಕಿಕೊಟ್ಟ. "ಓದಿದವ್ರು ಮೊದ್ಲೇ ಯೋಳ್ಬಾರ್ದಾ ತಾಯಿ? ನಂಗೂ ಒಂದ್ ಲುಂಗಿ ಉಳೀತಿತ್ತು" ಅಂದ.

ಹಿಂದಿನಿಂದ ಲಕ್ಷ್ಮಮ್ಮ ಕೂಗಿದಳು, "ಕ್ಯಾರೆಟ್ ಬ್ಯಾಡ ಅಂತ ಊರೆಲ್ಲ ಸಾರ್ಬ್ಯಾಡ್ರಮ್ಮೋ, ನಾವೂ ಬದುಕ್ಬೇಕು."

(ಸಾರುತ್ತಿಲ್ಲ, ಲಕ್ಷ್ಮಮ್ಮ. ದಯವಿಟ್ಟು ಯಾರೂ ಕ್ಯಾರೆಟ್ ಬಿಡಬೇಡಿ.)

ಸೋಮವಾರ ಸ್ಕೂಲಿಗೆ ರಜೆ ಹಾಕಿ ಶಾಂತಾಳ ಜೊತೆ ಡಾಕ್ಟರ ಹತ್ತಿರ ಹೋದೆ. ಲಕ್ಷ್ಮಮ್ಮ ಹೇಳಿದ್ದು ಸರಿ ಅಂತ ನನ್ನ ಓದು ಹೇಳುತ್ತಿತ್ತು. ಆದರೆ ನನ್ನ ಓದಿನ ಮೇಲೆ ಅಷ್ಟೊತ್ತಿಗೆ ನನಗೇ ನಂಬಿಕೆ ಹೋಗಿತ್ತು. ಡಾಕ್ಟರು ಕಣ್ಣು ನೋಡಿದರು, ಹೊಟ್ಟೆ ಒತ್ತಿ ಲಿವರ್ ನೋಡಿದರು, ತೂಕ ಹಾಕಿದರು. ಆಮೇಲೆ ಕನ್ನಡಕ ತೆಗೆದು ನಕ್ಕರು.

"ದಿನಕ್ಕೆ ಎಷ್ಟು ಕ್ಯಾರೆಟ್ಟಮ್ಮ?"

"ಮುಂಜಾನೆ ಗಜ್ಜರಿ, ಮಧ್ಯಾಹ್ನ ಕುಂಬಳಕಾಯಿ, ಸಂಜಿಗೆ ಪಪ್ಪಾಯಿರಿ" ಅಂತ ಶಾಂತಾ ಒಪ್ಪಿಸಿದಳು.

"ಮಗುಗೆ ಏನೂ ಆಗಿಲ್ಲ. ಇದು ವಿಷ ಅಲ್ಲ, ಬರೀ ಬಣ್ಣ. ಸ್ವಲ್ಪ ದಿನ ಹಳದಿ ತರಕಾರಿ, ಹಣ್ಣು ಕಡಿಮೆ ಮಾಡಿ. ಬೇರೆ ತರಕಾರಿ, ಬೇಳೆ, ಅನ್ನ, ಎಲ್ಲ ಕೊಡಿ. ಕೆಲವು ವಾರದಲ್ಲಿ ತಾನೇ ಇಳಿಯುತ್ತೆ."

ಅನ್ನದ ಅಗುಳಿನ ಕಥೆಯನ್ನೂ ಹೇಳಿದೆ. ಹೇಳದಿದ್ದರೆ ಚೆನ್ನಾಗಿತ್ತು. "ಅದನ್ನೇ ನಂಬಿಕೊಂಡು ಕೂರಬಾರದು, ರಕ್ತ ಪರೀಕ್ಷೆನೇ ಮಾಡಿಸಬೇಕು" ಅಂದರು. ಆಮೇಲೆ ಚೀಟಿ ಬರೆಯುತ್ತ, "ಆದರೆ ಕಾಮಾಲೆಯಲ್ಲಿ ಮೂತ್ರಕ್ಕೆ ಬಣ್ಣ ಬರೋದು ನಿಜ ಟೀಚರ್. ಈ ಸಲ ಅನ್ನ ನಿಮಗಿಂತ ಸರಿಯಾಗಿ ಹೇಳಿತ್ತು" ಅಂದರು.

ರಾತ್ರಿ ಊಟಕ್ಕೆ ಕೂತಾಗ ನಮ್ಮವರಿಗೆ ಎಲ್ಲ ಹೇಳಿದೆ. ಅವರು ಸಾರಿನಲ್ಲಿದ್ದ ಕ್ಯಾರೆಟ್ ಹೋಳೊಂದನ್ನು ಎತ್ತಿ ತಿರುಗಿಸಿ ನೋಡಿದರು. "ಬರೀ ಬಿ.ಎಸ್ಸಿ. ಆಗಿದ್ದಕ್ಕೆ ಬಚಾವ್. ಎಂ.ಎಸ್ಸಿ. ಮಾಡಿದ್ದರೆ ಮಗು ಗತಿ ಏನಾಗ್ತಿತ್ತೋ." ನಕ್ಕೆ. ಎರಡು ದಿನದಲ್ಲಿ ಅದೇ ಮೊದಲ ನಗು. ಆಮೇಲೆ ಸಿಂಕಿನ ಮುಂದೆ ನಿಂತು ಸ್ವಲ್ಪ ಅತ್ತೆ. ನೀರು ಬಿಟ್ಟುಕೊಂಡಿದ್ದೆ, ಕೇಳಿಸಿರಲಿಕ್ಕಿಲ್ಲ.

ಒಂದು ವಾರದಿಂದ ನಮ್ಮ ತಟ್ಟೆಗಳನ್ನು ಹೊಸದಾಗಿ ನೋಡುತ್ತಿದ್ದೇನೆ. ದಂಟಿನ ಸೊಪ್ಪು ಕಲಸಿದ ಅನ್ನ ಗುಲಾಬಿಯಾಗುತ್ತದೆ. ಬೀಟ್ರೂಟ್ ತಿಂದ ಮರುದಿನ ಕೆಲವರು ಬಚ್ಚಲಿನಲ್ಲಿ ಬೆಚ್ಚಿಬೀಳುತ್ತಾರೆ, ರಕ್ತವೇ ಹೋಯಿತು ಅಂತ. ನೇರಳೆ ಹಣ್ಣು ತಿಂದ ನನ್ನ ಕ್ಲಾಸಿನ ಹುಡುಗರು ನಾಲಿಗೆ ಹೊರಚಾಚಿ ಹುಡುಗಿಯರನ್ನು ಹೆದರಿಸುತ್ತಾರೆ. ಗಿಡಗಳು ತಮಗಾಗಿ ಮಾಡಿಕೊಂಡ ಬಣ್ಣಗಳಿವು. ಬಿಸಿಲು ತಡೆಯಲು, ದುಂಬಿ ಕರೆಯಲು, ಹಕ್ಕಿಗೆ ಹಣ್ಣಾಗಿದೆ ಬಾ ಅನ್ನಲು. ನಾವು ನಡುವೆ ಕೈ ಹಾಕಿ ತಿನ್ನುತ್ತೇವೆ. ಒಳ್ಳೆಯದೂ ಆಗುತ್ತದೆ. ಬಗೆಬಗೆಯ ಬಣ್ಣ ತಟ್ಟೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಒಂದನ್ನೇ ಹಿಡಿದು ಎರಡು ತಿಂಗಳು ತುರುಕಿದರೆ ಅದು ಮೂಗಿನ ಮೇಲೆ ಬಂದು ಕೂತು ನಮ್ಮನ್ನೇ ನೋಡುತ್ತದೆ.

ತರಕಾರಿಯ ತಪ್ಪೇನಿದೆ ಇದರಲ್ಲಿ? ಮುನಿಯಪ್ಪನ ತಪ್ಪು ಕೂಡ ಅರ್ಧವೇ. ಅವನು ಕಂಡದ್ದನ್ನು ನಂಬಿದ. ನಾನು ಕಂಡದ್ದನ್ನೂ ನೋಡಲಿಲ್ಲ, ಕಲಿತದ್ದನ್ನೂ ನೆನೆಯಲಿಲ್ಲ. ಶಾಂತಾ ಅನ್ನದ ಬಟ್ಟಲು ತಂದು ಮುಂದೆ ಹಿಡಿದರೆ ಅದನ್ನೂ ತಳ್ಳಿದೆ. ಓದಿದವಳು ಹೇಳುತ್ತಿದ್ದಾಳಲ್ಲ ಎಂದು ಅವಳು ತನ್ನ ಕಣ್ಣನ್ನು ಬಿಟ್ಟು ನನ್ನ ಮಾತನ್ನು ನಂಬಿದಳು.

ನಿನ್ನೆ ಸಂಜೆ ಸರೋಜಮ್ಮ ಮತ್ತೆ ಬಂದಿದ್ದರು. ಗೌರಿಯ ಬಣ್ಣ ಇನ್ನೂ ಇಳಿದಿಲ್ಲ. ವಾರಗಳೇ ಬೇಕಲ್ಲ.

"ಇನ್ನೂ ಹಳದಿ ಇದೆಯಲ್ಲೇ. ಬರೆ ಹಾಕಿಸದೇ ಬಂದ್ರಂತೆ? ಕಾಮಾಲೆ ಅಲ್ಲ ಅಂತ ಯಾರು ಹೇಳಿದ್ದು ನಿನಗೆ?"

ನಾನು ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದೆ. ಟೀಚರ್ ಹೇಳಿದರು ಅನ್ನುತ್ತಾಳೆ, ಇಲ್ಲವೇ ಡಾಕ್ಟರ್ ಹೇಳಿದರು ಅನ್ನುತ್ತಾಳೆ ಅಂದುಕೊಂಡೆ.

ಶಾಂತಾ ಮಗುವನ್ನು ಬೆಳಕಿಗೆ ತಿರುಗಿಸಿ ಕೆಳರೆಪ್ಪೆ ಎಳೆದು ತೋರಿಸಿದಳು. "ಯಾರೂ ಹೇಳೂದು ಬ್ಯಾಡ್ರಿ. ನಾನ ನೋಡೀನಿ. ನೀವೂ ಮೊದಲ ಕಣ್ಣು ನೋಡ್ರಿ, ಆಮ್ಯಾಲ ಮಾತಾಡ್ರಿ."

ಇನ್ನು ಮೇಲೆ ಅವಳು ನಾನು ಹೇಳಿದ್ದನ್ನು ಹಾಗೇ ನಂಬುವುದಿಲ್ಲ. ಟೀಚರಾದ ಮೇಲೆ ಇಷ್ಟು ನೆಮ್ಮದಿ ನನಗೆ ಆದದ್ದೇ ಇಲ್ಲ.